ಬತ್ತುತ್ತಿರುವ ಎಣ್ಣೆ ಬಾವಿಗೆ ಬ್ಯಾಕ್ಟೀರಿಯಾ: ಯಾವಾಗ ಬೇಕು, ಯಾವಾಗ ಬೇಡ

ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲದಡಿ ಕಚ್ಚಾ ಎಣ್ಣೆ ಇಲ್ಲ. ನಮ್ಮಲ್ಲಿರುವುದು 250 ಕೋಟಿ ವರ್ಷದಷ್ಟು ಹಳೆಯ ಗ್ರಾನೈಟು, ಸಂಡೂರಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನದ ಬಂಡೆ. ಎಣ್ಣೆ ನಿಲ್ಲಬೇಕಾದರೆ ಸಂದು ಇರುವ ಮರಳುಗಲ್ಲೋ ಸುಣ್ಣಕಲ್ಲೋ ಬೇಕು. ಆದರೂ ಇಲ್ಲಿನ ಮಕ್ಕಳು ಕೆಲಸ ಹುಡುಕಿಕೊಂಡು ಮೆಹ್ಸಾಣ, ಅಸ್ಸಾಂ, ರಾಜಮಂಡ್ರಿ ಕಡೆ ಹೋಗುತ್ತಾರೆ. ಕೆಮಿಕಲ್, ಬಯೋಟೆಕ್ ಓದುವವರು ಕೊನೆಯ ವರ್ಷ ಪ್ರಾಜೆಕ್ಟ್ ಹುಡುಕುವಾಗ ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಎಣ್ಣೆ ಬಾವಿಗೆ ಬಿಡೋಕೆ ಯಾವ ಬ್ಯಾಕ್ಟೀರಿಯಾ ಒಳ್ಳೇದು?"

ಬತ್ತುತ್ತಿರುವ ಬಾವಿಯಿಂದ ಇನ್ನಷ್ಟು ಎಣ್ಣೆ ತೆಗೆಯಲು ಅದರೊಳಗೆ ಬ್ಯಾಕ್ಟೀರಿಯಾ ಬಿಡುವ ಪದ್ಧತಿ ಇದೆ, ಅದಕ್ಕೇ ಈ ಪ್ರಶ್ನೆ. ನನ್ನ ಪ್ರಕಾರ ಇದನ್ನು ಕೊನೆಗೆ ಕೇಳಬೇಕು. ಮೊದಲು ಕೇಳಬೇಕಾದ್ದು, ಬಾವಿಗೆ ಏನಾಗಿದೆ ಅಂತ. ಪೈಪಿನಲ್ಲಿ ಮೇಣ ಕಟ್ಟಿದೆಯಾ? ಎಣ್ಣೆಯ ಬದಲು ನೀರೇ ಬರುತ್ತಿದೆಯಾ? ಎಣ್ಣೆ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆಯಾ? ಒಂದೊಂದಕ್ಕೂ ಬೇರೆ ಬೇರೆ ಉಪಾಯ. ಕೆಲವು ಕಡೆ ಬ್ಯಾಕ್ಟೀರಿಯಾ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವು ಕಡೆ ದುಡ್ಡು ದಂಡ.

ಇದು ಸಣ್ಣ ವಿಷಯವಲ್ಲ. ಭಾರತ ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ನಮ್ಮದೇ ಹಳೇ ಬಾವಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಕಲ್ಲಿನೊಳಗೇ ಉಳಿದಿರುತ್ತದೆ. ನೆಲದ ಒತ್ತಡಕ್ಕೆ ತಾನಾಗಿಯೇ ಬರುವುದು ಸ್ವಲ್ಪ. ಆಮೇಲೆ ನೀರು ನುಗ್ಗಿಸಿ ತಳ್ಳಿದರೆ ಇನ್ನಷ್ಟು. ಎರಡೂ ಸೇರಿ ಸಾಮಾನ್ಯವಾಗಿ ಮೂರನೇ ಒಂದು ಪಾಲಿನ ಆಸುಪಾಸು ಬರುತ್ತದೆ. ಉಳಿದದ್ದನ್ನು ಹೇಗೆ ತೆಗೆಯುವುದು ಅನ್ನುವುದೇ ಈ ಹೋಲಿಕೆ.

ಮೊದಲು ಬಿಸಿ ನೋಡಿ

ಬೇರೆಲ್ಲ ಲೆಕ್ಕಕ್ಕಿಂತ ಮುಂಚೆ ಬಾವಿಯ ಆಳದಲ್ಲಿ ಎಷ್ಟು ಬಿಸಿ ಇದೆ ಅಂತ ತಿಳಿದುಕೊಳ್ಳಿ. ನೆಲದೊಳಗೆ ಪ್ರತಿ 100 ಮೀಟರಿಗೆ ಸುಮಾರು 3 ಡಿಗ್ರಿ ಏರುತ್ತದೆ. ಮೇಲೆ 30 ಡಿಗ್ರಿ ಇದ್ದರೆ 1,000 ಮೀಟರ್ ಆಳದಲ್ಲಿ 60, 2,000 ಮೀಟರಿನಲ್ಲಿ 90. ಗುಜರಾತಿನ ಕ್ಯಾಂಬೆ ಕಣಿವೆಯಂಥ ಕಡೆ ಇದಕ್ಕಿಂತ ಬೇಗ ಏರುತ್ತದೆ. ಈ ಕೆಲಸಕ್ಕೆ ಬಳಸುವ ಹೆಚ್ಚಿನ ಬ್ಯಾಕ್ಟೀರಿಯಾಗಳು 50–60 ಡಿಗ್ರಿಗೇ ಸುಸ್ತಾಗುತ್ತವೆ. ಬಿಸಿ ತಾಳುವ ಜಾತಿಗಳನ್ನು ಹುಡುಕಿ ಬೆಳೆಸಿದರೆ 90 ಡಿಗ್ರಿಯ ಆಸುಪಾಸಿಗೆ ಹೋಗಬಹುದು. ಒಎನ್‌ಜಿಸಿ ಮತ್ತು ದೆಹಲಿಯ ಟೆರಿ ಸಂಸ್ಥೆ ಸೇರಿ ಈ ಮಟ್ಟದ ಬಿಸಿಗೆ ಬ್ಯಾಕ್ಟೀರಿಯಾ ಗುಂಪುಗಳನ್ನು ತಯಾರಿಸಿವೆ. 2007ರಲ್ಲಿ ಎರಡೂ ಸೇರಿ ಒಎನ್‌ಜಿಸಿ ಟೆರಿ ಬಯೋಟೆಕ್ ಎಂಬ ಕಂಪನಿಯನ್ನೂ ಕಟ್ಟಿದವು.

ನಮಗೆ ಹತ್ತಿರದ ಎಣ್ಣೆ ಸೀಮೆ ಅಂದರೆ ಕೃಷ್ಣಾ-ಗೋದಾವರಿ ಕಣಿವೆ. ಅಲ್ಲಿನ ಆಳದ ಬಾವಿಗಳಲ್ಲಿ ಬಿಸಿ 150 ಡಿಗ್ರಿ ದಾಟುವುದೂ ಉಂಟು. ಅಂಥ ಬಾವಿಗೆ ಬ್ಯಾಕ್ಟೀರಿಯಾ ಮಾತೇ ಬೇಡ. ಹತ್ತಿರ ಇದೆ ಅಂತ ಅಲ್ಲಿನ ಬಾವಿ ಹಿಡಿದು ಪ್ರಾಜೆಕ್ಟ್ ಬರೆಯುವವರು ಇದನ್ನು ಮೊದಲೇ ನೋಡಿಕೊಳ್ಳಲಿ.

ಬಿಸಿ ಸರಿಯಾಗಿದ್ದರೆ ಆಮೇಲೆ ಕಲ್ಲಿನ ಸಂದು. ಬ್ಯಾಕ್ಟೀರಿಯಾದ ಉದ್ದ ಸುಮಾರು ಒಂದರಿಂದ ಐದು ಮೈಕ್ರಾನ್. ಸಂದಿಯ ಬಾಯಿ ಅದರ ಎರಡು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಬಾವಿಯ ಬಾಯಲ್ಲೇ ಗುಂಪುಗೂಡಿ ಕಟ್ಟಿಕೊಂಡು ಇದ್ದ ದಾರಿಯನ್ನೂ ಮುಚ್ಚುತ್ತವೆ. ಪರ್ಮಿಯಬಿಲಿಟಿ, ಅಂದರೆ ಕಲ್ಲು ತನ್ನೊಳಗೆ ಎಷ್ಟು ಸುಲಭವಾಗಿ ಹರಿಯಲು ಬಿಡುತ್ತದೆ ಅನ್ನುವ ಅಳತೆ, 50 ಮಿಲಿಡಾರ್ಸಿಗಿಂತ ಕಡಿಮೆ ಇದ್ದರೆ ನಾನಂತೂ ಬೇಡ ಅನ್ನುತ್ತೇನೆ. ನೀರಿನಲ್ಲಿ ಉಪ್ಪು ನೂರಕ್ಕೆ 10 ಭಾಗ ದಾಟಿದರೂ ಆಯ್ಕೆ ಬಹಳ ಕಡಿಮೆಯಾಗುತ್ತದೆ.

ಮೇಣ ಕಟ್ಟಿದ ಬಾವಿ

ಬ್ಯಾಕ್ಟೀರಿಯಾಕ್ಕೆ ಇದು ಎಲ್ಲಕ್ಕಿಂತ ಸುಲಭದ ಕೆಲಸ. ಎಣ್ಣೆ ಕೆಳಗಿನಿಂದ ಮೇಲೆ ಬರುತ್ತಾ ತಣ್ಣಗಾಗುತ್ತದೆ. ಅದರಲ್ಲಿರುವ ಪ್ಯಾರಾಫಿನ್ ಮೇಣ ಟ್ಯೂಬಿಂಗ್, ಅಂದರೆ ಎಣ್ಣೆ ಮೇಲೆ ಬರುವ ಪೈಪಿನ, ಗೋಡೆಗೆ ಅಂಟಿ ದಪ್ಪವಾಗುತ್ತಾ ಹೋಗುತ್ತದೆ. ಕೊನೆಗೆ ಪೈಪು ಕಿರಿದಾಗಿ ಬಾವಿ ಉಸಿರು ಕಟ್ಟುತ್ತದೆ.

ಇದಕ್ಕೆ ಹಳೇ ಉಪಾಯಗಳು ಮೂರು. ಸ್ಕ್ರೇಪರ್ ಇಳಿಸಿ ಕೆರೆಯುವುದು, ಬಿಸಿ ಎಣ್ಣೆ ಹರಿಸಿ ಕರಗಿಸುವುದು, ಕ್ಸೈಲೀನ್‌ನಂಥ ದ್ರಾವಕ ಹಾಕುವುದು. ಕೆರೆಯುವುದು ಅಗ್ಗ. ಆದರೆ ಮತ್ತೆ ಮತ್ತೆ ಮಾಡಬೇಕು, ಮಾಡಿದಾಗಲೆಲ್ಲ ಬಾವಿ ನಿಲ್ಲಿಸಬೇಕು. ಬಿಸಿ ಎಣ್ಣೆಯಲ್ಲಿ ಒಂದು ಅಪಾಯ ಇದೆ. ಕರಗಿದ ಮೇಣ ಕೆಳಗಿಳಿದು ಕಲ್ಲಿನ ಬಾಯಲ್ಲೇ ಮತ್ತೆ ಗಟ್ಟಿಯಾಗಬಹುದು. ದ್ರಾವಕಗಳು ಬೇಗ ಹೊತ್ತಿಕೊಳ್ಳುತ್ತವೆ, ಕೆಲಸದವರ ಆರೋಗ್ಯಕ್ಕೂ ಒಳ್ಳೆಯದಲ್ಲ.

ಮೇಣ ತಿನ್ನುವ ಬ್ಯಾಕ್ಟೀರಿಯಾ ಉದ್ದನೆಯ ಪ್ಯಾರಾಫಿನ್ ಸರಪಳಿಯನ್ನು ತುಂಡು ಮಾಡುತ್ತದೆ. ಜೊತೆಗೆ ಜಿಡ್ಡು ಬಿಡಿಸುವ ಪದಾರ್ಥವನ್ನೂ ಬಿಡುತ್ತದೆ. ಒಮ್ಮೆ ಹಾಕಿ ಬಾವಿ ಸ್ವಲ್ಪ ಕಾಲ ಮುಚ್ಚಿಟ್ಟರೆ ಕೆರೆಯುವ ಅಂತರ ಉದ್ದವಾಗುತ್ತದೆ. ಇಲ್ಲಿ ಕೆಲಸ ನಡೆಯುವುದು ಪೈಪಿನೊಳಗೆ ಮತ್ತು ಬಾವಿಯ ಸುತ್ತ ಮಾತ್ರ. ಬಿಸಿಯೂ ಕಡಿಮೆ, ಫಲಿತಾಂಶ ಅಳೆಯುವುದೂ ಸುಲಭ. ಹೊಸದಾಗಿ ಶುರು ಮಾಡುವವರು ಇಂಥ ಬಾವಿಯಿಂದಲೇ ಶುರು ಮಾಡುವುದು ಒಳ್ಳೆಯದು. ಗುಜರಾತ್, ಅಸ್ಸಾಮಿನ ಮೇಣದ ಬಾವಿಗಳಲ್ಲಿ ಇದು ನಿತ್ಯದ ಕೆಲಸದ ಹಾಗೆ ನಡೆದಿದೆ. ಆದರೆ ಒಂದು ನೆನಪಿರಲಿ, ಇದರಿಂದ ಕಲ್ಲಿನೊಳಗೆ ಸಿಕ್ಕಿಕೊಂಡ ಎಣ್ಣೆ ಹೊರಗೆ ಬರುವುದಿಲ್ಲ. ಬಾವಿ ತನ್ನ ಹಳೇ ಶಕ್ತಿಗೆ ವಾಪಸ್ ಬರುತ್ತದೆ, ಅಷ್ಟೇ.

ನೀರೇ ಬರುತ್ತಿರುವ ಬಾವಿ

ಗಂಗಾವತಿ, ಸಿರುಗುಪ್ಪದ ಕಡೆ ಭತ್ತ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಗದ್ದೆಯ ಬದುವಿನಲ್ಲಿ ಒಂದು ಕಡೆ ಕೊರೆದರೆ ಸಾಕು, ಕಾಲುವೆ ನೀರೆಲ್ಲ ಅಲ್ಲೇ ಓಡುತ್ತದೆ, ಉಳಿದ ಮಡಿ ಒಣಗುತ್ತದೆ. ನೆಲದಡಿಯಲ್ಲೂ ಹಾಗೇ. ತಳ್ಳುವ ನೀರು ಸಡಿಲ ಪದರ ಹುಡುಕಿಕೊಂಡು ಒಂದು ಬಾವಿಯಿಂದ ಇನ್ನೊಂದಕ್ಕೆ ನೇರ ಓಡುತ್ತದೆ. ಪಕ್ಕದ ಬಿಗಿ ಪದರದ ಎಣ್ಣೆಯನ್ನು ಮುಟ್ಟುವುದೇ ಇಲ್ಲ.

ಈ ದಾರಿ ಮುಚ್ಚಲು ಸಿಮೆಂಟ್ ಹಾಕಬಹುದು, ಪಾಲಿಮರ್ ಜೆಲ್ ಹಾಕಬಹುದು. ಎರಡೂ ಬಾವಿಯ ಹತ್ತಿರದಲ್ಲಿ ಬೇಗ ಕೆಲಸ ಮಾಡುತ್ತವೆ. ಆದರೆ ದೂರಕ್ಕೆ ತಲುಪುವುದು ಕಷ್ಟ, ತಪ್ಪು ಪದರ ಮುಚ್ಚಿದರೆ ಬಿಡಿಸುವುದೂ ಕಷ್ಟ.

ಬ್ಯಾಕ್ಟೀರಿಯಾದ ನಿಜವಾದ ಗುಣ ಇಲ್ಲಿ ಕಾಣುತ್ತದೆ. ಅವಕ್ಕೆ ಬೇಕಾದ ತಿಂಡಿಯನ್ನು ನೀರಿನ ಜೊತೆ ಬಿಡುತ್ತೇವೆ. ನೀರು ಎಲ್ಲಿ ಜಾಸ್ತಿ ಓಡುತ್ತದೋ ತಿಂಡಿಯೂ ಅಲ್ಲೇ ಜಾಸ್ತಿ ಸಿಗುತ್ತದೆ. ಬ್ಯಾಕ್ಟೀರಿಯಾ ಅಲ್ಲೇ ಬೆಳೆದು, ಅಂಟು ಬಿಟ್ಟು, ಆ ದಾರಿಯನ್ನೇ ಕಟ್ಟುತ್ತದೆ. ಹೀಗೆ ನೀರು ಬೇರೆ ಪದರಕ್ಕೆ ತಿರುಗುತ್ತದೆ. ಯಾವ ಪದರ ಮುಚ್ಚಬೇಕು ಅಂತ ನಾವು ಮೇಲಿನಿಂದ ಗುರುತು ಹಾಕಿಕೊಡಬೇಕಾಗಿಲ್ಲ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಅಮೆರಿಕದ ಅಲಬಾಮಾದಲ್ಲಿ ನಾರ್ತ್ ಬ್ಲೋಹಾರ್ನ್ ಕ್ರೀಕ್ ಎಂಬ ಎಣ್ಣೆ ಸೀಮೆ ಇದೆ. 1994ರಿಂದ ಅಲ್ಲಿ ತಳ್ಳುವ ನೀರಿಗೆ ನೈಟ್ರೇಟು, ಫಾಸ್ಫೇಟು ಸೇರಿಸಿ ಬಿಟ್ಟರು. ಹೊರಗಿನಿಂದ ಒಂದೂ ಬ್ಯಾಕ್ಟೀರಿಯಾ ತರಲಿಲ್ಲ. ಕಲ್ಲಿನೊಳಗೆ ಮೊದಲೇ ಇದ್ದವೇ ಬೆಳೆದು ನೀರಿನ ದಾರಿ ಬದಲಿಸಿದವು. ಮುಚ್ಚುವ ಹಂತಕ್ಕೆ ಬರುತ್ತಿದ್ದ ಸೀಮೆಯ ಆಯುಷ್ಯ ಹೆಚ್ಚಿತು.

ಕಲ್ಲಿಗೆ ಅಂಟಿಕೊಂಡ ಎಣ್ಣೆ

ಇಲ್ಲಿ ನನಗೆ ಸ್ವಲ್ಪ ಅನುಮಾನ. ಸಣ್ಣ ಸಂದಿಯಲ್ಲಿ ಸಿಕ್ಕಿಬಿದ್ದ ಎಣ್ಣೆ ಹನಿಯನ್ನು ಬಿಡಿಸಬೇಕಾದರೆ ನೀರು ಮತ್ತು ಎಣ್ಣೆಯ ನಡುವಿನ ಸೆಳೆತ ಸಾವಿರಾರು ಪಟ್ಟು ಇಳಿಯಬೇಕು. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಬಿಡುವ, ಸೋಪಿನಂಥ ಸರ್ಫ್ಯಾಕ್ಟಿನ್ ನೀರಿನ ಮೇಲ್ಮೈ ಸೆಳೆತವನ್ನು 72ರಿಂದ 27ಕ್ಕೆ ಇಳಿಸುತ್ತದೆ. ಇದು ಮೀಟರಿಗೆ ಮಿಲಿನ್ಯೂಟನ್ ಲೆಕ್ಕ. ಇಷ್ಟು ಕಡಿಮೆ ಪ್ರಮಾಣದಲ್ಲಿ ಇಷ್ಟು ಕೆಲಸ ಮಾಡುವ ಪದಾರ್ಥಗಳು ಕಡಿಮೆ. ಆದರೆ ಎಣ್ಣೆ ಜೊತೆಗಿನ ಸೆಳೆತವನ್ನು ಬೇಕಾದಷ್ಟು ಕೆಳಗೆ ಇಳಿಸುವುದು ಪ್ರಯೋಗಾಲಯದ ಬಾಟಲಿಯಲ್ಲೇ ಕಷ್ಟ. ಸಾವಿರ ಮೀಟರ್ ಕೆಳಗೆ ಇನ್ನೂ ಕಷ್ಟ.

ಇಲ್ಲಿ ಎರಡು ದಾರಿ ಇವೆ. ಒಂದು, ಬ್ಯಾಕ್ಟೀರಿಯಾವನ್ನೇ ಕೆಳಗೆ ಇಳಿಸಿ ಅಲ್ಲೇ ಪದಾರ್ಥ ತಯಾರಿಸಿಕೊಳ್ಳುವುದು. ಇನ್ನೊಂದು, ಮೇಲೆ ಟ್ಯಾಂಕಿನಲ್ಲಿ ತಯಾರಿಸಿ, ಸೋಸಿ, ಪದಾರ್ಥವನ್ನು ಮಾತ್ರ ಪಂಪ್ ಮಾಡುವುದು. ಮೊದಲನೆಯದು ಅಗ್ಗ. ಆದರೆ ಕೆಳಗೆ ಏನು ಎಷ್ಟು ತಯಾರಾಯಿತು ಅಂತ ಹೇಳುವುದು ಕಷ್ಟ. ಎರಡನೆಯದು ನಮ್ಮ ಹಿಡಿತದಲ್ಲಿರುತ್ತದೆ, ಆದರೆ ದುಬಾರಿ. ಗುಜರಾತಿನ ವಿರಾಜ್ ಸೀಮೆಯಲ್ಲಿ ಒಎನ್‌ಜಿಸಿ ಪ್ರಯತ್ನಿಸಿದ ಹಾಗೆ ಕ್ಷಾರ, ಸರ್ಫ್ಯಾಕ್ಟಂಟ್ (ಸೋಪಿನಂಥ ಪದಾರ್ಥ), ಪಾಲಿಮರ್ (ನೀರನ್ನು ಮಂದ ಮಾಡುವ ಪದಾರ್ಥ) ಮೂರನ್ನೂ ಸೇರಿಸಿ ಬಿಡುವ ರಾಸಾಯನಿಕ ವಿಧಾನವೂ ಇದೆ. ಅಂಟಿಕೊಂಡ ಎಣ್ಣೆ ಒಂದೇ ತೊಂದರೆಯಾಗಿದ್ದು, ದುಡ್ಡೂ ಇದ್ದರೆ ನನ್ನ ಮೊದಲ ಆಯ್ಕೆ ಈ ರಾಸಾಯನಿಕ ವಿಧಾನವೇ. ದುಡ್ಡು ಕಡಿಮೆ, ಬಾವಿ ಹಳೆಯದು ಅಂದರೆ ಮಾತ್ರ ಬ್ಯಾಕ್ಟೀರಿಯಾ.

ಹೊರಗಿನವೋ, ಅಲ್ಲಿಯವೋ

1954ರಲ್ಲಿ ಅಮೆರಿಕದ ಆರ್ಕನ್ಸಾದ ಲಿಸ್ಬನ್ ಸೀಮೆಯಲ್ಲಿ ಮೊದಲ ಸಲ ಈ ಕೆಲಸವನ್ನು ನಿಜವಾದ ಬಾವಿಯಲ್ಲಿ ಮಾಡಿ ನೋಡಿದರು. ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ, ಅದಕ್ಕೆ ತಿಂಡಿಯಾಗಿ ಕಾಕಂಬಿ. ನಮ್ಮ ಸಕ್ಕರೆ ಕಾರ್ಖಾನೆಗಳಿಂದ ಟ್ಯಾಂಕರಿನಲ್ಲಿ ಹೋಗುತ್ತದಲ್ವಾ, ಅದೇ ಕಾಕಂಬಿ. ಇವತ್ತಿಗೂ ಈ ಕೆಲಸಕ್ಕೆ ಅಗ್ಗದ ತಿಂಡಿ ಅದೇ. ಕ್ಲಾಸ್ಟ್ರಿಡಿಯಂ ಸಕ್ಕರೆ ತಿಂದು ಅನಿಲ, ಆಮ್ಲ, ದ್ರಾವಕ ಬಿಡುತ್ತದೆ. ಅನಿಲ ಒತ್ತಡ ಕೊಡುತ್ತದೆ, ಆಮ್ಲ ಸುಣ್ಣಕಲ್ಲನ್ನು ಸ್ವಲ್ಪ ಕರಗಿಸಿ ದಾರಿ ಬಿಡಿಸುತ್ತದೆ.

ಹೊರಗಿನಿಂದ ತಂದದ್ದಕ್ಕೆ ಒಂದು ಅನುಕೂಲ ಇದೆ. ಅದು ಏನು ಮಾಡುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಆದರೆ ಹೊಸ ಜಾಗಕ್ಕೆ ಹೊಂದಿಕೊಳ್ಳಬೇಕು, ಅಲ್ಲಿ ಮೊದಲೇ ಇದ್ದವುಗಳ ಜೊತೆ ಪೈಪೋಟಿ ಮಾಡಬೇಕು. ಅಲ್ಲಿಯದೇ ಬ್ಯಾಕ್ಟೀರಿಯಾಕ್ಕೆ ಬಿಸಿ, ಉಪ್ಪು, ಒತ್ತಡ ಎಲ್ಲವೂ ಅಭ್ಯಾಸ. ಬೇಕಾದ್ದು ಸುಮ್ನೆ ಒಂದಿಷ್ಟು ಸಾರಜನಕ, ರಂಜಕ. ಬಾವಿಯ ನೀರಿನ ಮಾದರಿಯಲ್ಲಿ ಉಪಯೋಗದ ಜಾತಿಗಳು ಸಿಕ್ಕರೆ ನಾನು ಅವಕ್ಕೇ ತಿಂಡಿ ಹಾಕಿ ಅನ್ನುತ್ತೇನೆ. ಏನೂ ಸಿಗದಿದ್ದರೆ ಮಾತ್ರ ಹೊರಗಿನವನ್ನು ತನ್ನಿ.

ಹೇಗೆ ಬಿಡುವುದು ಅನ್ನುವುದರಲ್ಲೂ ಆಯ್ಕೆ ಇದೆ. ಒಂದೇ ಬಾವಿಗೆ ಬಿಟ್ಟು, ಕೆಲವು ವಾರ ಮುಚ್ಚಿ, ಅದೇ ಬಾವಿಯಿಂದ ಎಣ್ಣೆ ತೆಗೆಯುವುದು ಒಂದು ಕ್ರಮ. ಒಂದು ಬಾವಿಯಿಂದ ನೀರಿನ ಜೊತೆ ತಳ್ಳಿ ಸುತ್ತಲಿನ ಬಾವಿಗಳಲ್ಲಿ ಎಣ್ಣೆ ಕಾಯುವುದು ಇನ್ನೊಂದು. ಮೊದಲನೆಯದರಲ್ಲಿ ಖರ್ಚು ಕಡಿಮೆ, ಉತ್ತರ ಬೇಗ. ಎರಡನೆಯದರಲ್ಲಿ ಲಾಭ ದೊಡ್ಡದು, ಆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಮೊದಲನೆಯದು ಮಾಡದೆ ಎರಡನೆಯದಕ್ಕೆ ಕೈ ಹಾಕಬೇಡಿ.

ಕೊಳೆತ ಮೊಟ್ಟೆ ವಾಸನೆ

ಬಾವಿಯ ನೀರಿನಲ್ಲಿ ಸಲ್ಫೇಟ್ ಇದ್ದರೆ ಕಾಕಂಬಿ ಹಾಕುವ ಮೊದಲು ಎರಡು ಸಲ ಯೋಚಿಸಿ. ಆಮ್ಲಜನಕದ ಬದಲು ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ ಹೆಚ್ಚಿನ ಎಣ್ಣೆ ಸೀಮೆಗಳಲ್ಲಿ ಇದ್ದೇ ಇರುತ್ತದೆ. ನಾವು ಹಾಕಿದ ತಿಂಡಿ ತಿಂದು ಅದು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತದೆ. ಪೈಪು ತುಕ್ಕು ಹಿಡಿಯುತ್ತದೆ, ಎಣ್ಣೆಯ ಬೆಲೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯರ ಜೀವಕ್ಕೆ ಅಪಾಯ. ಹತ್ತು ಲಕ್ಷದಲ್ಲಿ ನೂರು ಭಾಗ ತಲುಪಿದರೆ ಮೂಗು ಆ ವಾಸನೆ ಗುರುತಿಸುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಅಪಾಯ ಹೋಯಿತು ಅಂದುಕೊಂಡವರು ಪ್ರಾಣ ಕಳೆದುಕೊಳ್ಳುತ್ತಾರೆ. ಈ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ನಾನು ಪದೇ ಪದೇ ಹೇಳುವುದು ಇದನ್ನೇ: ಮೂಗನ್ನು ನಂಬಬೇಡಿ, ಮೀಟರ್ ಹಾಕಿಕೊಳ್ಳಿ.

ಇದಕ್ಕೆ ಬ್ಯಾಕ್ಟೀರಿಯಾದಲ್ಲೇ ಪರಿಹಾರವೂ ಇದೆ. ನೈಟ್ರೇಟ್ ಬಿಟ್ಟರೆ ಅದನ್ನು ಉಸಿರಾಡುವ ಜಾತಿಗಳು ಬೆಳೆದು ಅದೇ ತಿಂಡಿಗೆ ಪೈಪೋಟಿ ಮಾಡುತ್ತವೆ. ಸಲ್ಫೇಟಿನವು ಹಿಂದೆ ಬೀಳುತ್ತವೆ. ನಾರ್ವೆಯ ಸಮುದ್ರದ ಎಣ್ಣೆ ಸೀಮೆಗಳಲ್ಲಿ ಇದನ್ನು ವರ್ಷಗಟ್ಟಲೆ ಮಾಡಿದ್ದಾರೆ. ಹಾಗಾಗಿ ಸಲ್ಫೇಟ್ ಇರುವ ಕಡೆ ಕಾಕಂಬಿಗಿಂತ ನೈಟ್ರೇಟ್ ತಿಂಡಿಯೇ ಸರಿ.

ಬ್ಯಾಕ್ಟೀರಿಯಾ ಬಿಟ್ಟು ಬೇರೆ ಆರಿಸಬೇಕಾದ ಕಡೆ

ಗಟ್ಟಿ ಎಣ್ಣೆಗೆ ಬಿಸಿಯೇ ಬೇಕು. ಮೆಹ್ಸಾಣದ ಬಲೋಲ್, ಸಂಥಾಲ್ ಸೀಮೆಗಳಲ್ಲಿ ಒಎನ್‌ಜಿಸಿ ನೆಲದಡಿಯಲ್ಲೇ ಸ್ವಲ್ಪ ಎಣ್ಣೆಗೆ ಬೆಂಕಿ ಹಚ್ಚಿ, ಆ ಬಿಸಿಗೆ ಉಳಿದದ್ದು ತೆಳುವಾಗಿ ಹರಿಯುವಂತೆ ಮಾಡಿತು. ಬ್ಯಾಕ್ಟೀರಿಯಾ ಇಂಥ ಕೆಲಸ ಮಾಡಲಾರದು.

ನೀರಿಗಿಂತ ಎಣ್ಣೆ ಮಂದವಾಗಿದ್ದು, ಸೀಮೆ ದೊಡ್ಡದಾಗಿದ್ದರೆ ಪಾಲಿಮರ್ ಒಳ್ಳೆಯದು. ರಾಜಸ್ಥಾನದ ಬಾರ್ಮೇರ್ ಜಿಲ್ಲೆಯ ಮಂಗಲಾದಲ್ಲಿ 2004ರಲ್ಲಿ ಎಣ್ಣೆ ಸಿಕ್ಕಿತು, 2009ರಲ್ಲಿ ಉತ್ಪಾದನೆ ಶುರುವಾಯಿತು. ಆಮೇಲೆ ಅಲ್ಲಿ ದೊಡ್ಡ ಮಟ್ಟದಲ್ಲಿ ಪಾಲಿಮರ್ ಬಿಟ್ಟರು. ನೀರನ್ನು ಮಂದ ಮಾಡಿದರೆ ಅದು ಎಣ್ಣೆಯನ್ನು ಹಿಂದೆ ಹಾಕಿ ಓಡುವುದಿಲ್ಲ, ಒಟ್ಟಿಗೆ ತಳ್ಳುತ್ತದೆ. ಇದಕ್ಕೆ ಬಳಸಬಹುದಾದ ಕ್ಸಾಂಥನ್ ಗಮ್ ಕೂಡ ಬ್ಯಾಕ್ಟೀರಿಯಾ ಮಾಡಿದ್ದೇ. ಉಪ್ಪು ನೀರಿನಲ್ಲಿ ಅದು ಚೆನ್ನಾಗಿ ತಾಳುತ್ತದೆ, ಆದರೆ ಕೆಳಗಿನ ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಮುಗಿಸುವ ಭಯ ಇದೆ.

ಇಂಗಾಲದ ಡೈಆಕ್ಸೈಡ್ ಬಗ್ಗೆ ಒಂದು ಮಾತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರ ನೋಡಿ ಬೆಳೆದ ಮಕ್ಕಳು, ಆ ಹೊಗೆಯನ್ನೇ ಎಣ್ಣೆ ಬಾವಿಗೆ ಬಿಡಬಹುದಲ್ವಾ ಅಂತ ಕೇಳುತ್ತಾರೆ. ಪ್ರಶ್ನೆ ಚೆನ್ನಾಗಿದೆ. ಅಮೆರಿಕದ ಟೆಕ್ಸಸ್‌ನಲ್ಲಿ 1972ರಿಂದ ದೊಡ್ಡ ಮಟ್ಟದಲ್ಲಿ ಈ ಅನಿಲ ಬಿಡುತ್ತಿದ್ದಾರೆ. ಎಣ್ಣೆ ಬಿಡಿಸುವುದರಲ್ಲಿ ಅದು ಬ್ಯಾಕ್ಟೀರಿಯಾಕ್ಕಿಂತ ಬಲವಾದದ್ದು. ಆದರೆ ಅನಿಲವನ್ನು ಹೊಗೆಯಿಂದ ಬೇರ್ಪಡಿಸಬೇಕು, ಒತ್ತಬೇಕು, ಪೈಪಿನಲ್ಲಿ ಒಯ್ಯಬೇಕು. ಬಾವಿ ಹತ್ತಿರ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ಬಳ್ಳಾರಿಯಲ್ಲಿ ಕೂತು ಮಾಡಬಹುದಾದ ಪರೀಕ್ಷೆ

ಬಾವಿ ಇಲ್ಲದಿದ್ದರೂ ಕಾಲೇಜಿನಲ್ಲಿ ಒಳ್ಳೆಯ ಹೋಲಿಕೆ ಮಾಡಬಹುದು. ತುಂಗಭದ್ರೆಯ ಮರಳನ್ನು ಜರಡಿ ಹಿಡಿದು, ಆಮ್ಲದಲ್ಲಿ ತೊಳೆದು, ಒಣಗಿಸಿ, ಗಾಜಿನ ಕೊಳವೆಯಲ್ಲಿ ತಟ್ಟಿ ತಟ್ಟಿ ತುಂಬಿ. ಒಣಗಿದ್ದಾಗ ತೂಗಿ, ಉಪ್ಪು ನೀರು ತುಂಬಿದ ಮೇಲೆ ತೂಗಿ. ಆ ವ್ಯತ್ಯಾಸದಿಂದ ಸಂದಿಯ ಅಳತೆ ಸಿಗುತ್ತದೆ. ಆಮೇಲೆ ಎಣ್ಣೆ ಬಿಡಿ. ಕಚ್ಚಾ ಎಣ್ಣೆ ಸಿಗದಿದ್ದರೆ ಲಿಕ್ವಿಡ್ ಪ್ಯಾರಾಫಿನ್ ನಡೆಯುತ್ತದೆ, ಹಾಗಂತ ವರದಿಯಲ್ಲಿ ಬರೆಯಿರಿ. ಕೊಳವೆಯಿಂದ ನೀರು ಬರುವುದು ನಿಂತಾಗ ಒಳಗೆ ಎಷ್ಟು ಎಣ್ಣೆ ಇದೆ ಅಂತ ಗೊತ್ತಾಗುತ್ತದೆ. ಈಗ ಉಪ್ಪು ನೀರಿನಿಂದ ತಳ್ಳಿ. ಮೊದಲು ಬರೀ ಎಣ್ಣೆ ಬರುತ್ತದೆ, ಆಮೇಲೆ ಎಣ್ಣೆ-ನೀರು, ಕೊನೆಗೆ ಬರೀ ನೀರು. ಕಚ್ಚಾ ಎಣ್ಣೆ ಬಳಸಿದ್ದರೆ ಮರಳು ಮಾತ್ರ ಇನ್ನೂ ಕಂದು ಬಣ್ಣದಲ್ಲೇ ಇರುತ್ತದೆ. ಆ ಬಣ್ಣವೇ ಉಳಿದ ಎಣ್ಣೆ.

ಇಲ್ಲಿಂದ ಒಂದಲ್ಲ, ನಾಲ್ಕು ಕೊಳವೆ ಬೇಕು. ಒಂದಕ್ಕೆ ಬ್ಯಾಕ್ಟೀರಿಯಾ ಮತ್ತು ತಿಂಡಿ. ಒಂದಕ್ಕೆ ಬರೀ ತಿಂಡಿ. ಒಂದಕ್ಕೆ ಆಟೋಕ್ಲೇವ್‌ನಲ್ಲಿ ಕೊಂದ ಬ್ಯಾಕ್ಟೀರಿಯಾ. ಒಂದಕ್ಕೆ ಬರೀ ಉಪ್ಪು ನೀರು. ನಾಲ್ಕನ್ನೂ ಎರಡೂ ಕಡೆ ಮುಚ್ಚಿ ಒಂದೇ ಬಿಸಿಯಲ್ಲಿ ಒಂದೇ ಅವಧಿ ಇಟ್ಟು, ಮತ್ತೆ ತಳ್ಳಿ, ಬಂದ ಎಣ್ಣೆ ಅಳೆಯಿರಿ. ಉಳಿದ ಮೂರಕ್ಕಿಂತ ಮೊದಲನೆಯದು ಎಷ್ಟು ಜಾಸ್ತಿ ಕೊಟ್ಟಿತೋ ಅಷ್ಟೇ ಬ್ಯಾಕ್ಟೀರಿಯಾದ ಪಾಲು.

ನಮ್ಮೂರಿನ ಲಾರಿ ಗ್ಯಾರೇಜುಗಳ ಎಣ್ಣೆ ಕುಡಿದ ಮಣ್ಣಿನಿಂದ ಬ್ಯಾಕ್ಟೀರಿಯಾ ತೆಗೆಯುವುದು ಕಾಲೇಜುಗಳಲ್ಲಿ ಸಾಮಾನ್ಯ. ತಪ್ಪೇನಿಲ್ಲ. ಆದರೆ ಅವು ಗಾಳಿಯಲ್ಲಿ ಬೆಳೆದವು, ನೆಲದಡಿ ಆಮ್ಲಜನಕ ಇಲ್ಲ. ಶೇಕರಿನಲ್ಲಿ ಅಲ್ಲಾಡಿಸಿ ಬೆಳೆಸಿ ಬಂದ ಫಲಿತಾಂಶವನ್ನು ಬಾವಿಗೆ ಹೇಳುವ ಹಾಗಿಲ್ಲ. ರಬ್ಬರ್ ಮುಚ್ಚಳದ ಬಾಟಲಿಯಲ್ಲಿ, ಗಾಳಿ ತೆಗೆದು, ನೈಟ್ರೇಟ್ ಕೊಟ್ಟು ಬೆಳೆಯುತ್ತದಾ ನೋಡಿ. ಬ್ಯಾಸಿಲಸ್ ಸಬ್ಟಿಲಿಸ್ ಹಾಗೆ ಬೆಳೆಯಬಲ್ಲದು. ಸ್ಯೂಡೊಮೊನಾಸ್ ಏರುಜಿನೋಸಾ ರಾಮ್ನೋಲಿಪಿಡ್ ಎಂಬ ಜಿಡ್ಡು ಬಿಡಿಸುವ ಪದಾರ್ಥವನ್ನು ಚೆನ್ನಾಗಿ ಬಿಡುತ್ತದೆ ನಿಜ, ಆದರೆ ಅದು ಗಾಯಕ್ಕೆ, ಶ್ವಾಸಕೋಶಕ್ಕೆ ಸೋಂಕು ತರಬಲ್ಲದು. ಕಾಲೇಜು ಲ್ಯಾಬಿಗೆ ನಾನು ಬ್ಯಾಸಿಲಸ್ ಅನ್ನೇ ಆರಿಸುತ್ತೇನೆ.

ಫಲಿತಾಂಶ ನಂಬುವ ಮೊದಲು

ಬ್ಯಾಕ್ಟೀರಿಯಾ ಬಿಟ್ಟ ಬಾವಿ ಎರಡು ಪಟ್ಟು ಎಣ್ಣೆ ಕೊಟ್ಟಿತು ಅಂತ ಯಾರಾದರೂ ಹೇಳಿದರೆ ಮೊದಲು ಕೇಳಿ: ಬಾವಿಯನ್ನು ಎಷ್ಟು ದಿನ ಮುಚ್ಚಿದ್ದಿರಿ? ಯಾವ ಬಾವಿಯನ್ನೇ ಆಗಲಿ ಕೆಲವು ವಾರ ಮುಚ್ಚಿಟ್ಟು ತೆಗೆದರೆ ಒತ್ತಡ ಸೇರಿ ಮೊದಲ ಕೆಲವು ದಿನ ಜಾಸ್ತಿ ಎಣ್ಣೆ ಬರುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾದ ಕೈವಾಡ ಇರಬೇಕಾಗಿಲ್ಲ. ಹಾಗಾಗಿ ಮುಚ್ಚುವ ಮೊದಲಿನ ಕನಿಷ್ಠ ಆರು ತಿಂಗಳ ಲೆಕ್ಕ ತೆಗೆದುಕೊಂಡು, ಬಾವಿ ಹೇಗೆ ಇಳಿಯುತ್ತಿತ್ತು ಅಂತ ಗೆರೆ ಎಳೆಯಿರಿ. ಆ ಗೆರೆಯನ್ನು ಮುಂದೆ ಎಳೆದು, ಅದಕ್ಕಿಂತ ಮೇಲೆ ಬಂದ ಎಣ್ಣೆಯನ್ನು ಮಾತ್ರ ಎಣಿಸಿ, ಅದೂ ಮೊದಲ ಕೆಲವು ವಾರ ಬಿಟ್ಟು. ನೀರಿನ ಪಾಲು ಇಳಿದಿದೆಯಾ, ಹೊರಬಂದ ನೀರಿನಲ್ಲಿ ನಾವು ಬಿಟ್ಟ ಜಾತಿಯೇ ಇದೆಯಾ ಅಂತಲೂ ನೋಡಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಹಾಗೆ ಲೆಕ್ಕಕ್ಕೆ ಸಿಕ್ಕ ಹೆಚ್ಚುವರಿ ಬ್ಯಾರೆಲ್‌ಗಳ ಬೆಲೆಯಿಂದ ತಿಂಡಿ, ಪಂಪು, ಬಾವಿ ನಿಂತ ದಿನಗಳ ನಷ್ಟ ಎಲ್ಲ ಕಳೆಯಿರಿ. ಉಳಿದರೆ ಪಕ್ಕದ ಬಾವಿಗೂ ಮಾಡಿ. ಉಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಬಾವಿಗೆ ಏನಾಗಿದೆ ಅಂತ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.